ಫ್ಲಾರಿಡಾ ಕೀಸ್‌ನಲ್ಲಿ ಲಾಬ್‌ಸ್ಟರ್ ಹಿಡಿಯಲು ಹೋಗುವವರು ‘ತಲೆಗೆ ಆರು ಖಚಿತ’ ಎನ್ನುವ ದೋಣಿಯವರನ್ನು ನಂಬಬೇಡಿ

ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳಲ್ಲಿ ನೀರಿಗಿಳಿದು ಲಾಬ್‌ಸ್ಟರ್ ಹಿಡಿಯಬೇಕೆಂದು ಬಾಡಿಗೆ ದೋಣಿ ಗೊತ್ತು ಮಾಡುತ್ತಿರುವವರು ಮುಂಗಡ ಕೊಡುವ ಮುನ್ನ ದಯವಿಟ್ಟು ಇದನ್ನು ಕೊನೆಯವರೆಗೆ ಓದಿ. ಅಲ್ಲಿ ಒಬ್ಬರು ದಿನಕ್ಕೆ ಹಿಡಿಯಬಹುದಾದ ಮಿತಿ ಆರು. “ತಲೆಗೆ ಆರು, ಖಚಿತ” ಎಂದು ಜಾಹೀರಾತು ಹಾಕಿಕೊಳ್ಳುವ ಕೆಲವು ದೋಣಿಯವರಿಗೆ ನಿಮ್ಮಿಂದ ಬೇಕಾಗಿರುವುದು ಹಣದ ಜೊತೆಗೆ ನಿಮ್ಮ ಹೆಸರು; ತಾವು ಮಿತಿ ಮೀರಿ ಹಿಡಿದದ್ದನ್ನೆಲ್ಲ ನಿಮ್ಮ ಲೆಕ್ಕಕ್ಕೆ ಬರೆದು ದಡ ಸೇರುವುದು ಅವರ ದಾರಿ. ನಮಗೆ ಆದದ್ದು ಇದೇ. ಕಾನೂನಿನಂತೆ ನಡೆದುಕೊಂಡ ನಾವು ಕಳ್ಳರಂತೆ ದಕ್ಕೆಯ ಮೇಲೆ ಸಾಲಾಗಿ ನಿಂತು, ಸಮವಸ್ತ್ರದ ಅಧಿಕಾರಿಗೆ ಹೆಸರು ವಿಳಾಸ ಬರೆಸಬೇಕಾಯಿತು. ಅದನ್ನು ನೆನೆದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಆಗಸ್ಟ್ 6ರಂದು ಲಾಬ್‌ಸ್ಟರ್ ಹಿಡಿಯುವ ಋತು ತೆರೆದ ಮೇಲೆ, ಅದಕ್ಕೂ ಮೊದಲು ಜುಲೈ ಕೊನೆಯಲ್ಲಿ ಎರಡೇ ದಿನ ನಡೆಯುವ ಮಿನಿ ಸೀಸನ್ನಿನ ನೂಕುನುಗ್ಗಲು ಕಳೆಯಲಿ ಎಂದು ಕಾದು ಹೋದವರು ನಾವು. ನಾನು ಮತ್ತು ನನ್ನ ಸ್ನೇಹಿತ ನೀರಿಗಿಳಿಯುವವರು; ನನ್ನ ಹೆಂಡತಿ ಮತ್ತು ಸ್ನೇಹಿತನ ತಂದೆ ದೋಣಿಯಲ್ಲಿ ಕುಳಿತು ಸಮುದ್ರ ನೋಡಲೆಂದು ಬಂದವರು. ಇದನ್ನು ದೋಣಿಯವನಿಗೆ ಮೊದಲೇ ಬರೆದು ತಿಳಿಸಿದ್ದೆವು. ನಾವಿಬ್ಬರೂ ಹೊರರಾಜ್ಯದವರಿಗೆ ಸಿಗುವ ಮೂರು ದಿನಗಳ ಸಮುದ್ರ ಮೀನುಗಾರಿಕೆ ಪರವಾನಗಿಯನ್ನು 17 ಡಾಲರ್ ಕೊಟ್ಟು, ಅದರ ಮೇಲೆ 5 ಡಾಲರಿನ ಲಾಬ್‌ಸ್ಟರ್ ಪರ್ಮಿಟ್ಟನ್ನೂ ಕೊಂಡು, ಮುದ್ರಿತ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆವು. ಆತ ಅದನ್ನು ನೋಡಿ, “ಅದೆಲ್ಲ ಏಕೆ, ನನ್ನ ದೋಣಿಯಲ್ಲಿ ಯಾರೂ ಕಾಗದ ಕೇಳುವುದಿಲ್ಲ” ಎಂದ. ಆ ಮಾತಿನಲ್ಲಿದ್ದ ಉಡಾಫೆಯನ್ನು ಇದನ್ನು ಓದುವವರು ಚೆನ್ನಾಗಿ ಗುರುತಿಟ್ಟುಕೊಳ್ಳಬೇಕು.

ಇಂಥ ವ್ಯವಹಾರ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂಬುದು ಹೋಗಿ ಬಂದವರಿಗೆಲ್ಲ ಗೊತ್ತೇ ಇದೆ. ದೋಣಿಯವನು ಲಾಬ್‌ಸ್ಟರ್ ಇರುವ ಬಂಡೆಗಳ ಬಳಿ ಕರೆದೊಯ್ಯುತ್ತಾನೆ, ಬಲೆ ಮತ್ತು ಲಾಬ್‌ಸ್ಟರನ್ನು ಪೊಟರೆಯಿಂದ ಹೊರಗೆಬ್ಬಿಸುವ ಟಿಕಲ್ ಸ್ಟಿಕ್ ಎಂಬ ಕಡ್ಡಿ ಕೊಡುತ್ತಾನೆ, ನೀರಿನಲ್ಲಿ ಜನರಿದ್ದಾರೆಂದು ತಿಳಿಸುವ ಕೆಂಪು ಬಿಳಿ ಬಾವುಟ ಏರಿಸಿ ಕಾವಲಿರುತ್ತಾನೆ. ಹಿಡಿಯುವವರು ನಾವು, ಅಳೆಯುವವರು ನಾವು, ಚಿಕ್ಕದನ್ನು ಅಲ್ಲಿಯೇ ಬಿಡುವವರೂ ನಾವೇ. ಅಳತೆಯೂ ನೀರಿನೊಳಗೇ ಆಗಬೇಕು. ದೋಣಿಗೆ ತಂದು ಅಳೆಯುತ್ತೇನೆ ಎನ್ನುವಂತಿಲ್ಲ. ಕಣ್ಣಿನ ಮೇಲಿರುವ ಎರಡು ಕೊಂಬುಗಳ ನಡುವೆ ಗೇಜಿನ, ಅಂದರೆ ಅಳತೆಗೋಲಿನ, ಒಂದು ತುದಿಯನ್ನಿಟ್ಟು ಬೆನ್ನ ಚಿಪ್ಪಿನ ನಡುಗೆರೆಯುದ್ದಕ್ಕೂ ಹಿಂದಂಚಿನವರೆಗೆ ಹಿಡಿದಾಗ, ಚಿಪ್ಪು ಮೂರು ಇಂಚಿಗಿಂತ ಉದ್ದವಿರಬೇಕು. ಸರಿಯಾಗಿ ಮೂರು ಇಂಚಿದ್ದರೂ ಸಾಲದು, ಮೀರಿರಬೇಕು.

ಮೊದಲ ಜಾಗದಲ್ಲಿ ನೀರು ತಿಳಿಯಾಗಿತ್ತು. ಹುಲ್ಲುಹಾಸಿನ ಅಂಚಿನಲ್ಲಿದ್ದ ತಗ್ಗು ಬಂಡೆಯ ಕೆಳಗಿನಿಂದ ಜೋಡಿ ಜೋಡಿಯಾಗಿ ಮೀಸೆಗಳು ಹೊರಗೆ ಚಾಚಿಕೊಂಡಿದ್ದವು. ಕಡ್ಡಿಯನ್ನು ಮೆಲ್ಲಗೆ ಅದರ ಹಿಂದಕ್ಕೆ ತೂರಿಸಿ ಬಾಲವನ್ನು ತಟ್ಟಿದರೆ ಅದು ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಬರುತ್ತದೆ. ಬಲೆಯನ್ನು ಅದರ ಬೆನ್ನ ಹಿಂದೆ ನೆಲಕ್ಕೆ ಒತ್ತಿ ಹಿಡಿದು ಮುಂದಿನಿಂದ ಮುಟ್ಟಿದರೆ ಬಾಲ ಬಡಿದು ಹಿಂದಕ್ಕೆ ಚಿಮ್ಮಿ ತಾನಾಗಿಯೇ ಬಲೆಯೊಳಗೆ ಬೀಳುತ್ತದೆ. ತಾಳ್ಮೆಯ ಕೆಲಸ. ನನ್ನ ಚೀಲದಲ್ಲಿ ಮೂರು ಸೇರಿದವು, ಸ್ನೇಹಿತನಿಗೆ ಎರಡು ಸಿಕ್ಕವು, ಚಿಕ್ಕವನ್ನೆಲ್ಲ ಅದೇ ಪೊಟರೆಯ ಬಾಯಲ್ಲಿ ಬಿಟ್ಟೆವು. ನಮಗೆ ಅಷ್ಟೇ ಸಾಕಾಗಿತ್ತು. ಅಷ್ಟರಲ್ಲಿ ದೋಣಿಯವನೂ ಅವನ ಸಹಾಯಕನೂ “ಮುಂದಿನ ಬಂಡೆ ನೋಡಿಕೊಂಡು ಬರುತ್ತೇವೆ” ಎಂದು ಬೇರೊಂದು ದೊಡ್ಡ ಚೀಲ ಹಿಡಿದು ಸರದಿಯಂತೆ ನೀರಿಗಿಳಿಯುತ್ತಿದ್ದರು. ದಾರಿ ನೋಡಲು ಹೋಗುವವನಿಗೆ ಚೀಲವೇಕೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಸಹಾಯಕ ನಕ್ಕು ಸುಮ್ಮನಾದನಂತೆ.

ನಾನು ದೋಣಿ ಹತ್ತಿ, ಹಿಡಿದದ್ದನ್ನು ತಣ್ಣಗಿಡುವ ಪೆಟ್ಟಿಗೆಯಾದ ಕೂಲರಿನ ಮುಚ್ಚಳ ತೆಗೆದಾಗ ಒಳಗೆ ಒಂದರ ಮೇಲೊಂದು ಲಾಬ್‌ಸ್ಟರುಗಳು ತುಂಬಿದ್ದವು. ಆತ ಹೆಮ್ಮೆಯಿಂದ, “ನಿಮ್ಮ ಐದು ಸೇರಿ ಇಪ್ಪತ್ತನಾಲ್ಕು. ನಾಲ್ಕು ಜನ, ತಲೆಗೆ ಆರು. ಹೇಳಿದ ಮಾತು ಉಳಿಸಿಕೊಂಡೆ” ಎಂದ. ನಾಲ್ಕು ಜನ ಎಂದರೆ ಯಾರು? ನೀರಿಗೆ ಕಾಲೂ ಇಳಿಸದ ನನ್ನ ಹೆಂಡತಿ ಒಬ್ಬಳು, ನೆರಳಿನಲ್ಲಿ ಕುಳಿತಿದ್ದ ಸ್ನೇಹಿತನ ವೃದ್ಧ ತಂದೆ ಇನ್ನೊಬ್ಬರು.

ಈ ಲೆಕ್ಕವೇ ಮೋಸ. ಫ್ಲಾರಿಡಾದ ಮೀನು ಮತ್ತು ವನ್ಯಜೀವಿ ಆಯೋಗದ ನಿಯಮದಲ್ಲಿ ಇದು ಸಂದಿಗ್ಧವೇ ಇಲ್ಲದಂತೆ ಬರೆದಿದೆ: ದಿನದ ಮಿತಿ ಲೆಕ್ಕಕ್ಕೆ ಬರುವುದು ಸ್ವತಃ ಹಿಡಿಯುತ್ತಿರುವವರಿಗೆ, ಅದರಲ್ಲೂ ಪರವಾನಗಿ ಇದ್ದವರಿಗೆ ಅಥವಾ ಕಾನೂನಿನಂತೆ ವಿನಾಯಿತಿ ಇದ್ದವರಿಗೆ ಮಾತ್ರ. ದೋಣಿಯಲ್ಲಿ ಸುಮ್ಮನೆ ಕುಳಿತವರ ತಲೆಯನ್ನು, ಮಕ್ಕಳ ತಲೆಯನ್ನೂ, ಎಣಿಸುವಂತಿಲ್ಲ. ಒಬ್ಬನ ಪಾಲನ್ನು ಇನ್ನೊಬ್ಬ ಹಿಡಿಯುವಂತಿಲ್ಲ. ನನ್ನ ಆರು ಎಂದರೆ ನಾನು ಹಿಡಿದ ಆರು. ನಾನು ಮೂರೇ ಹಿಡಿದರೆ ಉಳಿದ ಮೂರು ಯಾರಿಗೂ ಸೇರಿದ್ದಲ್ಲ, ಅವು ಸಮುದ್ರದಲ್ಲೇ ಇರಬೇಕಾದವು. ಎಲ್ಲರೂ ಮಿತಿಯನ್ನು ಮುಟ್ಟಲೇಬೇಕಾದ ಗುರಿ ಎಂದುಕೊಂಡರೆ ಮಿತಿ ಇಟ್ಟು ಏನು ಪ್ರಯೋಜನ?

ಕೂಲರಿನ ಮೇಲುಗಡೆ ಇದ್ದವನ್ನು ಒಂದೊಂದಾಗಿ ಎತ್ತಿ ಗೇಜ್ ಹಿಡಿದೆ. ಗೇಜಿನ ಕೊಕ್ಕೆ ಚಿಪ್ಪಿನ ಹಿಂದಂಚನ್ನು ದಾಟಿ ಸಲೀಸಾಗಿ ಕೆಳಗಿಳಿಯಿತು. ಇನ್ನೊಂದಕ್ಕೂ ಹಾಗೆಯೇ. ನೋಡಿದವುಗಳಲ್ಲಿ ಐದು ಅಳತೆಗೆ ಬಾರದವು. ಆರನೆಯದನ್ನು ಮಗುಚಿ ನೋಡಿದಾಗ ನಿಜಕ್ಕೂ ಹೊಟ್ಟೆ ತೊಳಸಿತು. ಅದು ಹೆಣ್ಣು. ಬಾಲದ ಕೆಳಗೆ ಎಲೆಗಳಂತೆ ಜೋಡಿಸಿಕೊಂಡಿರುವ ಈಜುಕಾಲುಗಳ ಅಂಚು ಹರಿದು, ಕೂದಲಿನಂಥ ಎಳೆಗಳಿಗೆ ಕಿತ್ತಳೆ ಬಣ್ಣದ ಸಣ್ಣ ಕಾಳುಗಳು ಅಲ್ಲಲ್ಲಿ ಅಂಟಿಕೊಂಡಿದ್ದವು. ಮೊಟ್ಟೆ ಹೊತ್ತ ಹೆಣ್ಣನ್ನು ಹಿಡಿದು, ಯಾರಿಗೂ ಗೊತ್ತಾಗದಿರಲಿ ಎಂದು ಮೊಟ್ಟೆಗಳನ್ನು ಉಜ್ಜಿ ತೆಗೆದಿದ್ದರು. ಮೊಟ್ಟೆ ಹೊತ್ತದ್ದನ್ನು ಇಟ್ಟುಕೊಳ್ಳುವುದೇ ಅಪರಾಧ, ಮೊಟ್ಟೆ ಕೆರೆದು ತೆಗೆಯುವುದು ಅದಕ್ಕಿಂತ ನೀಚ ಕೆಲಸ. ಒಂದು ಹೆಣ್ಣಿನ ಬಾಲದ ಕೆಳಗೆ ಲಕ್ಷಗಟ್ಟಲೆ ಮೊಟ್ಟೆಗಳಿರುತ್ತವೆ. ಅವು ಒಡೆದು ಹೊರಬಂದ ಗಾಜಿನಂಥ ಮರಿಗಳು ತಿಂಗಳುಗಟ್ಟಲೆ ತೆರೆದ ಸಮುದ್ರದಲ್ಲಿ ಹರಿವಿನೊಂದಿಗೆ ಅಲೆದು, ದಡದ ಹುಲ್ಲುಹಾಸಿಗೆ ಬಂದು ನೆಲೆಸಿ, ಈ ಮೂರು ಇಂಚಿನ ಅಳತೆಗೆ ಬೆಳೆಯಲು ಮತ್ತೆ ಸುಮಾರು ಎರಡು ವರ್ಷ ಬೇಕು. ಅವುಗಳಲ್ಲಿ ಬದುಕಿ ಉಳಿಯುವವೇ ತೀರ ಕಡಿಮೆ. ಹೆಣ್ಣಿಗೆ ಒಮ್ಮೆಯಾದರೂ ಮೊಟ್ಟೆಯಿಡುವ ಅವಕಾಶ ಸಿಗಲಿ ಎಂದೇ ಈ ಅಳತೆ ಇರುವುದು. ಇದನ್ನು ಕೀಸ್‌ನಲ್ಲಿ ದೋಣಿ ನಡೆಸಿ ಹೊಟ್ಟೆ ಹೊರೆಯುವವನಿಗೆ ನಾನು ಹೇಳಿಕೊಡಬೇಕೆ?

ಹೇಳಿದೆ. ಚಿಕ್ಕವನ್ನೂ ಆ ಹೆಣ್ಣನ್ನೂ ಈಗಲೇ ನೀರಿಗೆ ಬಿಡಿ, ನಮ್ಮ ಐದನ್ನು ಬೇರೆ ಇಡಿ, ಉಳಿದದ್ದಕ್ಕೂ ನಮಗೂ ಸಂಬಂಧವಿಲ್ಲ ಎಂದೆ. ಆತ ಕೂಲರ್ ಮುಚ್ಚಿ ಅದರ ಮೇಲೆ ಕುಳಿತು ಕೊಟ್ಟ ಉತ್ತರ ಇದು: “ನಾನು ಕೈಯಲ್ಲಿ ಹಿಡಿದರೇ ಅಳತೆ ಗೊತ್ತಾಗುತ್ತದೆ. ನಿಮ್ಮ ಗೇಜು ಸರಿಯಿಲ್ಲ.” ಪ್ಲಾಸ್ಟಿಕ್ಕಿನ ಅಳತೆಗೋಲು ಹೇಗೆ ಸರಿಯಿಲ್ಲದೆ ಹೋಗುತ್ತದೆ? ಸ್ನೇಹಿತನ ಗೇಜನ್ನೂ ಹಿಡಿದು ತೋರಿಸಿದೆ, ಎರಡೂ ಒಂದೇ ಹೇಳಿದವು. ಆಗ ಮಾತು ಬದಲಾಯಿತು: “ದೋಣಿಯಲ್ಲಿ ನಾವು ಆರು ಜನ. ಮೂವತ್ತಾರು ಇರಬಹುದು, ಇಪ್ಪತ್ತನಾಲ್ಕೇ ಇದೆ, ಸಂತೋಷಪಡಿ.”

ಹಿಂತಿರುಗುವ ದಾರಿಯಲ್ಲಿ ಸಹಾಯಕ ಹಿಂಬದಿಯಲ್ಲಿ ಕುಳಿತು ಒಂದೊಂದನ್ನೇ ಎತ್ತಿ, ತಿರುಚಿ, ಬಾಲವನ್ನು ಬೇರ್ಪಡಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಲೆಯನ್ನು ಸಮುದ್ರಕ್ಕೆ ಎಸೆಯತೊಡಗಿದ. “ನಿಮಗಾಗಿ ಶುಚಿ ಮಾಡಿ ಕೊಡುತ್ತಿದ್ದಾನೆ” ಎಂದು ದೋಣಿಯವನು ದಯೆ ತೋರುವವನಂತೆ ಹೇಳಿದ. ನನಗೆ ಎಲ್ಲವೂ ಸ್ಪಷ್ಟವಾದದ್ದು ಆ ಕ್ಷಣದಲ್ಲಿ. ಬೆನ್ನ ಚಿಪ್ಪು ಇರುವುದು ತಲೆಯ ಭಾಗದಲ್ಲಿ. ತಲೆ ನೀರಿಗೆ ಹೋದರೆ ಮೂರು ಇಂಚಿನ ಅಳತೆಯೂ ಅದರೊಂದಿಗೆ ಹೋಯಿತು. ಸಹಾಯಕ ಮೊದಲು ಆರಿಸಿ ಎತ್ತಿದ್ದು ನಾನು ಅಳೆದು ತೋರಿಸಿದ ಆ ಚಿಕ್ಕವನ್ನೇ. ಲಾಬ್‌ಸ್ಟರನ್ನು ಇಡಿಯಾಗಿಯೇ ದಡಕ್ಕೆ ತರಬೇಕು, ನೀರಿನ ಮೇಲೆ ಬಾಲ ಮುರಿಯಬಾರದು ಎಂಬ ನಿಯಮ ಇರುವುದು ಇಂಥವರಿಗಾಗಿಯೇ. ನಾವು ಕೊಟ್ಟ ಹಣದಲ್ಲಿ, ನಮ್ಮ ಕಣ್ಣೆದುರು, ನಮ್ಮ ಹೆಸರಿನಲ್ಲಿ ಆತ ಸಾಕ್ಷಿಯನ್ನು ಸಮುದ್ರಕ್ಕೆ ಎಸೆಯಿಸುತ್ತಿದ್ದ. ನಿಲ್ಲಿಸಿ ಎಂದು ಕೂಗಿದರೂ ಕೈ ನಿಲ್ಲಲಿಲ್ಲ. ನಾನು ಮಾಡಲು ಸಾಧ್ಯವಾದದ್ದು ನಮ್ಮ ಐದನ್ನು ನನ್ನ ಚೀಲಕ್ಕೆ ಹಾಕಿಕೊಂಡು ಕಾಲ ಬಳಿ ಇಟ್ಟುಕೊಳ್ಳುವುದು, ನಡೆಯುತ್ತಿದ್ದುದನ್ನೆಲ್ಲ ಫೋನಿನಲ್ಲಿ ಚಿತ್ರೀಕರಿಸುವುದು.

ದಕ್ಕೆಯಲ್ಲಿ ಆಯೋಗದ ಅಧಿಕಾರಿ ನಿಂತಿದ್ದರು. ಕೂಲರ್ ತೆರೆಸಿ, ಇವನ್ನು ಹಿಡಿದವರು ಯಾರು ಎಂದು ಕೇಳಿದ್ದಕ್ಕೆ ದೋಣಿಯವನು ನಮ್ಮ ಕಡೆ ಕೈ ತೋರಿಸಿ, ಒಂದು ಕ್ಷಣವೂ ತಡೆಯದೆ, “ಗಿರಾಕಿಗಳು ಹಿಡಿದದ್ದು. ನಾನು ದೋಣಿ ಓಡಿಸುವವನು ಅಷ್ಟೇ” ಎಂದ. ಈ ಉತ್ತರ ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಬೆಳಗ್ಗೆಯಿಂದ ತಾನೇ ಮುಳುಗಿ ಹಿಡಿದವನು, “ಹೇಳಿದ ಮಾತು ಉಳಿಸಿಕೊಂಡೆ” ಎಂದು ಬೀಗಿದವನು, ಈಗ ದೋಣಿ ಓಡಿಸುವವನು ಅಷ್ಟೇ!

ಅಧಿಕಾರಿ ನಮ್ಮೆಲ್ಲರನ್ನೂ ಬೇರೆ ಬೇರೆ ನಿಲ್ಲಿಸಿ ಪ್ರಶ್ನಿಸಿದರು. ಸ್ನೇಹಿತನ ತಂದೆಯನ್ನು “ನೀವೆಷ್ಟು ಹಿಡಿದಿರಿ” ಎಂದು ಕೇಳಿದಾಗ ಆ ಹಿರಿಯರು ಏನೂ ಅರ್ಥವಾಗದೆ ಮಗನ ಮುಖ ನೋಡಿದರು. ಬದುಕಿನಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಳ್ಳದ ಮನುಷ್ಯ, ಆಚೀಚೆ ದೋಣಿಗಳವರೆಲ್ಲ ನಿಂತು ನೋಡುತ್ತಿರುವಾಗ, ತಾನು ಮುಟ್ಟಿಯೂ ನೋಡದ ಆರು ಲಾಬ್‌ಸ್ಟರುಗಳಿಗೆ ಜವಾಬು ಹೇಳಬೇಕಾಯಿತು. ಇದಕ್ಕಾಗಿ ಆ ದೋಣಿಯವನನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ. ನಮ್ಮನ್ನು ಉಳಿಸಿದ್ದು ಪರವಾನಗಿಯ ಕಾಗದ, ಬೇರೆಯಾಗಿದ್ದ ನನ್ನ ಚೀಲ ಮತ್ತು ಫೋನಿನ ಚಿತ್ರ. ನಮ್ಮ ಐದನ್ನು ಅಳೆದು ಹಿಂತಿರುಗಿಸಿದರು. ಕೂಲರಿನಲ್ಲಿ ಜೀವವಿದ್ದವನ್ನು ನೀರಿಗೆ ಬಿಟ್ಟು, ಬಾಲಗಳನ್ನು ವಶಪಡಿಸಿಕೊಂಡು, ದೋಣಿಯವನ ಮೇಲೆ ಮೊಕದ್ದಮೆ ಬರೆದುಕೊಂಡರು. ಫೋನಿನಲ್ಲಿ ಆ ಚಿತ್ರ ಇರದಿದ್ದರೆ ಬರೆದುಕೊಳ್ಳುತ್ತಿದ್ದುದು ನಮ್ಮ ಹೆಸರನ್ನು. ಇದು ಕೇವಲ ದಂಡ ಕಟ್ಟಿ ಮರೆಯುವ ವಿಷಯವಲ್ಲ, ಜೈಲು ಶಿಕ್ಷೆಗೂ ಅವಕಾಶವಿರುವ ಅಪರಾಧ. ಅಳತೆಗೆ ಬಾರದ ಒಂದೊಂದು ಲಾಬ್‌ಸ್ಟರಿಗೂ ಪ್ರತ್ಯೇಕ ಆರೋಪ ಹೊರಿಸಬಹುದು. ವೀಸಾದ ಮೇಲೆ ಇರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಹಣ ಹಿಂತಿರುಗಿಸಿ ಎಂದು ಬರೆದಾಗ ಬಂದ ಉತ್ತರಗಳನ್ನೂ ಇಲ್ಲಿ ಹೇಳಲೇಬೇಕು. ಮೊದಲನೆಯದು: “ಪ್ರವಾಸ ಪೂರ್ಣಗೊಂಡಿದೆ, ಹಣ ಮರಳಿಸುವುದಿಲ್ಲ.” ಮರುದಿನ: “ನೀವು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ನೆಮ್ಮದಿಯಾಗಿ ಊಟ ಮಾಡಬಹುದಿತ್ತು.” ಆಮೇಲೆ: “ಇಲ್ಲಿ ಎಲ್ಲ ದೋಣಿಯವರೂ ತಲೆಯೆಣಿಸಿಯೇ ಲೆಕ್ಕ ಹಾಕುತ್ತಾರೆ.” ಇದು ಸುಳ್ಳು, ನ್ಯಾಯವಾಗಿ ದುಡಿಯುವ ದೋಣಿಯವರಿಗೆ ಮಾಡುವ ಅವಮಾನ, ಅದೇ ದಕ್ಕೆಯಲ್ಲಿ ಇನ್ನೊಬ್ಬ ದೋಣಿಯವರು ತಮ್ಮ ಗಿರಾಕಿಗಳು ಹಿಡಿದ ನಾಲ್ಕನ್ನು ಅಧಿಕಾರಿಗೆ ತಾವಾಗಿಯೇ ತೆಗೆದು ತೋರಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕೊನೆಯ ಉತ್ತರದಲ್ಲಿ, ಹೇಳಿಕೆ ಹಿಂತೆಗೆದುಕೊಂಡರೆ ಮುಂದಿನ ಸಲ ಅರ್ಧ ಬೆಲೆಗೆ ಕರೆದೊಯ್ಯುತ್ತೇನೆ ಎಂದಿದ್ದ. ಅವನ ದೋಣಿಗೆ ಮತ್ತೆ ಕಾಲಿಡುತ್ತೇವೆಂದು ಆತ ಹೇಗೆ ಭಾವಿಸಿದನೋ! ಆ ಸಂದೇಶಗಳೆಲ್ಲವನ್ನೂ ಅಧಿಕಾರಿಗೆ ಕಳುಹಿಸಿದ್ದೇನೆ, ಕಾರ್ಡ್ ಕೊಟ್ಟ ಬ್ಯಾಂಕಿಗೂ ದೂರು ಕೊಟ್ಟಿದ್ದೇನೆ.

ಹೋಗುವವರು ಪರವಾನಗಿ ಮತ್ತು ಗೇಜನ್ನು ಸ್ವಂತವಾಗಿ ಇಟ್ಟುಕೊಳ್ಳಿ, ಹಿಡಿದದ್ದನ್ನು ಸ್ವಂತ ಚೀಲದಲ್ಲೇ ಇಡಿ, ದೋಣಿಯ ಕೂಲರಿಗೆ ಸೇರಿಸಲು ಬಿಡಬೇಡಿ. ಮುಂಗಡ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ನೀರಿಗಿಳಿಯದವರ ಪಾಲನ್ನೂ ಲೆಕ್ಕ ಹಾಕುತ್ತೀರಾ, ನೀವೂ ನಮಗಾಗಿ ಹಿಡಿಯುತ್ತೀರಾ? ಎರಡರಲ್ಲಿ ಯಾವುದಕ್ಕೆ ಹೌದೆಂದರೂ ಬೇರೆ ದೋಣಿ ನೋಡಿ. ಉತ್ತರವನ್ನು ಫೋನಿನಲ್ಲಿ ಮಾತಾಡಿ ಮುಗಿಸದೆ ಬರಹದಲ್ಲೇ ತರಿಸಿಕೊಳ್ಳಿ. ದಕ್ಕೆಯಲ್ಲಿ ಅಧಿಕಾರಿಯ ಮುಂದೆ ಅವರು ಹೇಳುವ ಮಾತು ಬೇರೆಯೇ ಆಗಿರುತ್ತದೆ.