60 ಸೆಂಟಿಮೀಟರ್ ಗಿಡದ ಟ್ಯಾಂಕಿಗೆ ಮೂರು ಜಾತಿ ಮೀನು: ಸಾಕಿ ಬರೆದ ವಿಮರ್ಶೆ

ನನ್ನ ಟ್ಯಾಂಕ್ 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ಕಾಗದದ ಮೇಲೆ ಲೆಕ್ಕ ಹಾಕಿದರೆ ಸುಮಾರು 65 ಲೀಟರ್. ಆದರೆ ಒಳಗೆ ಮರಳು, ಕಲ್ಲು, ಮರದ ಬೇರು ಇಟ್ಟು ಮೇಲೆ ಎರಡು ಬೆರಳು ಜಾಗ ಬಿಟ್ಟರೆ ನೀರು ಹಿಡಿಯುವುದು 50 ಚಿಲ್ಲರೆ ಅಷ್ಟೇ. ಗಿಡಗಳು ಎಲ್ಲರೂ ಇಡುವಂಥವೇ. ಹಿಂದೆ ವ್ಯಾಲಿಸ್ನೇರಿಯಾ, ಮಧ್ಯದಲ್ಲಿ ಕ್ರಿಪ್ಟೊಕೊರಿನ್, ಬೇರಿಗೆ ಕಟ್ಟಿದ ಅನುಬಿಯಾಸ್ ಮತ್ತು ಜಾವಾ ಮಾಸ್, ಮೇಲೆ ಒಂದಿಷ್ಟು ತೇಲುವ ಸಾಲ್ವಿನಿಯಾ. ಇದರಲ್ಲಿ ಈಗ ಇರುವುದು 12 ಎಂಬರ್ ಟೆಟ್ರಾ, 8 ಪಿಗ್ಮಿ ಕೋರಿ (ತಳದಲ್ಲಿ ಮೇಯುವ ಪುಟ್ಟ ಮೀಸೆ ಮೀನು), ಒಂದು ಜೋಡಿ ಹನಿ ಗೌರಾಮಿ (ಹನಿ ಅಂದರೆ ಇಲ್ಲಿ ಇಂಗ್ಲಿಷಿನ ಜೇನು). ಜೊತೆಗೆ ಕೆಂಪು ಚೆರ್ರಿ ಸೀಗಡಿಗಳು. ಅವುಗಳ ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ಮೂರೇ ಜಾತಿನಾ ಅಂತ ನೋಡಲು ಬಂದವರು ಕೇಳುತ್ತಾರೆ. ಚಿಕ್ಕ ಟ್ಯಾಂಕ್ ಇಟ್ಟವರ ಆಸೆ ಸಾಮಾನ್ಯವಾಗಿ ಬೇರೆ ಥರ ಇರುತ್ತದೆ. ಎರಡು ನಿಯಾನ್, ಎರಡು ಗಪ್ಪಿ, ಎರಡು ಮಾಲಿ, ಎರಡು ಏಂಜಲ್, ಗಾಜು ಕ್ಲೀನ್ ಮಾಡಲಿಕ್ಕೆ ಅಂತ ಒಂದು ಪ್ಲೆಕೊ. ಆದರೆ ಟೆಟ್ರಾ, ರಾಸ್ಬೊರಾ, ಕೋರಿ ಎಲ್ಲ ಗುಂಪಿನಲ್ಲಿ ಬದುಕುವ ಮೀನುಗಳು. ಎರಡೇ ಬಿಟ್ಟರೆ ಹೆದರಿ ಗಿಡದ ಹಿಂದೆ ಸೇರಿಕೊಳ್ಳುತ್ತವೆ, ಬಣ್ಣವೂ ಮಂಕಾಗುತ್ತದೆ. ಟೈಗರ್ ಬಾರ್ಬ್, ಸರ್ಪೆ ಟೆಟ್ರಾದಂಥವು ತಮ್ಮ ಗುಂಪಿನಲ್ಲೇ ಕಿತ್ತಾಡಿಕೊಂಡು ಇರುವ ಬದಲು ಪಕ್ಕದವರ ಬಾಲಕ್ಕೆ ಬಾಯಿ ಹಾಕುತ್ತವೆ. ಜಾತಿ ಕಡಿಮೆ ಮಾಡಿ, ಒಂದೊಂದರಲ್ಲಿ ಸಂಖ್ಯೆ ಜಾಸ್ತಿ ಮಾಡಿ ನೋಡಿ. ಅಷ್ಟೇ ನೀರಿನಲ್ಲಿ ಮೀನು ಧೈರ್ಯವಾಗಿ ಮುಂದೆ ಬರುತ್ತವೆ. ಹೊಂದಾಣಿಕೆ ಅಂದರೆ ನನ್ನ ಮಟ್ಟಿಗೆ ಮೊದಲು ಇದು. ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದು ಆಮೇಲಿನ ಪ್ರಶ್ನೆ.

ಎಂಬರ್ ಟೆಟ್ರಾಕ್ಕೆ ಐದಕ್ಕೆ ಐದು ಕೊಡುತ್ತೇನೆ. ಬ್ರೆಜಿಲ್‌ನ ಅರಗ್ವಾಯಾ ನದಿಯ ಕಡೆಯ ಮೀನು, ಉದ್ದ ಬರೀ 2 ಸೆಂ.ಮೀ. ಅಂಗಡಿಯ ಖಾಲಿ ಗಾಜಿನ ತೊಟ್ಟಿಯಲ್ಲಿ ನೋಡಿದರೆ ಯಾರಿಗೂ ಇಷ್ಟ ಆಗುವುದಿಲ್ಲ. ಪೇಲವ, ಹೆಚ್ಚುಕಡಿಮೆ ಪಾರದರ್ಶಕ. ಕಪ್ಪು ಮಣ್ಣು, ದಟ್ಟ ಗಿಡ, ಮೇಲೆ ಸ್ವಲ್ಪ ನೆರಳು ಸಿಕ್ಕಿತೋ, ಕೆಲವೇ ವಾರಗಳಲ್ಲಿ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಯಾರ ತಂಟೆಗೂ ಹೋಗುವುದಿಲ್ಲ. ಹತ್ತಕ್ಕಿಂತ ಕಡಿಮೆ ತರಬೇಡಿ.

ನಿಯಾನ್ ಟೆಟ್ರಾ ಯಾಕೆ ಬೇಡ ಅಂತ ಕೇಳುವವರಿಗೆ: ಬೇಡವೇ ಬೇಡ ಅಂತಲ್ಲ. ಆದರೆ ನಿಯಾನ್‌ಗೆ ಸ್ವಲ್ಪ ತಂಪು ನೀರು ಹಿತ, 22ರಿಂದ 25 ಡಿಗ್ರಿ ಸೆಲ್ಸಿಯಸ್ ಒಳಗೆ. ಕಾರ್ಡಿನಲ್‌ಗೆ ಅದಕ್ಕಿಂತ ಬೆಚ್ಚಗಿರಬೇಕು. ಎರಡೂ ಒಂದೇ ಥರ ಕಾಣುವುದರಿಂದ ಜನ ಬೆರೆಸಿ ಬಿಡುತ್ತಾರೆ. ಕೆಂಪು ಪಟ್ಟಿ ಹೊಟ್ಟೆಯ ಅರ್ಧದಿಂದ ಬಾಲದವರೆಗೆ ಮಾತ್ರ ಇದ್ದರೆ ನಿಯಾನ್, ತಲೆಯ ಕಡೆಯಿಂದಲೇ ಪೂರ್ತಿ ಇದ್ದರೆ ಕಾರ್ಡಿನಲ್. ನಿಯಾನ್‌ಗೆ ಅದರದೇ ಹೆಸರಿನ ಒಂದು ಕಾಯಿಲೆಯೂ ಇದೆ, ಅದಕ್ಕೆ ನಂಬುವಂಥ ಔಷಧಿ ಇಲ್ಲ. ತಂದರೆ ಬೇರೆ ತೊಟ್ಟಿಯಲ್ಲಿ ಎರಡು ಮೂರು ವಾರ ಇಟ್ಟು ನೋಡಿಯೇ ಬಿಡಿ.

ಈಗ ನನ್ನ ಮೆಚ್ಚಿನ ಪಿಗ್ಮಿ ಕೋರಿ. ಕೋರಿ ಅಂದ ತಕ್ಷಣ ತಳದಲ್ಲಿ ಮರಳು ಕೆದಕುವ, 6-7 ಸೆಂ.ಮೀ.ಯ ಕಂಚಿನ ಕೋರಿ ನೆನಪಾಗುತ್ತದೆ, ಅಲ್ವಾ? ಪಿಗ್ಮಿ ಅದರ ಅರ್ಧವೂ ಇಲ್ಲ, 3 ಸೆಂ.ಮೀ. ದಾಟುವುದಿಲ್ಲ. ಸ್ವಭಾವವೂ ಬೇರೆ. ತಳದಲ್ಲಿ ಸ್ವಲ್ಪ ಹೊತ್ತು ಮೀಸೆಯಿಂದ ಮರಳು ತಡಕಾಡುತ್ತವೆ, ಆಮೇಲೆ ಎಲ್ಲವೂ ಎದ್ದು ನೀರಿನ ನಡುವೆ ಗುಂಪು ಕಟ್ಟಿಕೊಂಡು ರೆಕ್ಕೆ ಬಡಿಯುತ್ತಾ ನಿಲ್ಲುತ್ತವೆ. ಸುಸ್ತಾದರೆ ಅನುಬಿಯಾಸ್ ಎಲೆಯ ಮೇಲೆ ಸಾಲಾಗಿ ಕೂರುತ್ತವೆ. ಆಗಾಗ ಒಂದು ಬಾಣದ ಹಾಗೆ ಮೇಲಕ್ಕೆ ಹೋಗಿ ಗುಳುಕ್ ಅಂತ ಗಾಳಿ ನುಂಗಿ ಕೆಳಗೆ ಬರುತ್ತದೆ. ಇದನ್ನು ನೋಡಿ ಗಾಬರಿ ಬೀಳಬೇಡಿ, ಕೋರಿಗಳು ಕರುಳಿನಿಂದಲೂ ಗಾಳಿಯ ಆಮ್ಲಜನಕ ಹೀರುತ್ತವೆ. ಆದರೆ ಎಲ್ಲವೂ ಒಂದೇ ಸಮನೆ ಮೇಲೆ ಕೆಳಗೆ ಓಡಾಡುತ್ತಿದ್ದರೆ ಮಾತ್ರ ನೀರು ಪರೀಕ್ಷೆ ಮಾಡಿ.

ಇವಕ್ಕೆ ನುಣುಪಾದ ಮರಳೇ ಬೇಕು. ಚೂಪು ಕಲ್ಲಿನ ತಳದಲ್ಲಿ ಮೀಸೆ ಸವೆದು ಹೋಗುತ್ತದೆ. ಇನ್ನೊಂದು ಮಾತು, 'ತಳದ ಕಸ ಎಲ್ಲ ಇವು ತಿಂದು ಕ್ಲೀನ್ ಮಾಡುತ್ತವೆ' ಅಂತ ಮಾರುತ್ತಾರಲ್ಲ, ಅದು ಸುಳ್ಳು. ಕೋರಿಗಳು ಮೀನಿನ ಹಿಕ್ಕೆ ತಿನ್ನುವುದಿಲ್ಲ. ಅದಕ್ಕೂ ಅದರದೇ ಊಟ ಹಾಕಬೇಕು.

ಹನಿ ಗೌರಾಮಿ ಈ ಟ್ಯಾಂಕಿನ ದೊಡ್ಡ ಮೀನು. ದೊಡ್ಡದು ಅಂದರೂ 5 ಸೆಂ.ಮೀ. ಒಳಗೇ. ಎದೆಯ ಕೆಳಗೆ ದಾರದಂಥ ಎರಡು ರೆಕ್ಕೆಗಳಿವೆ. ಅವನ್ನು ಮುಂದೆ ಚಾಚಿ ಎಲೆ, ಗಾಜು, ಸೀಗಡಿಯ ಬೆನ್ನು, ಎದುರು ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡುತ್ತದೆ. ಕಣ್ಣು ಕಾಣದವರು ಕೈಯಾಡಿಸಿದ ಹಾಗೆ ಅಷ್ಟು ನಿಧಾನ. ಹೊಸ ಗಿಡ ನೆಟ್ಟ ದಿನ ಅದರ ತಪಾಸಣೆ ಮುಗಿಯುವುದೇ ಇಲ್ಲ. ಗಂಡು ಮೊಟ್ಟೆ ಇಡಿಸುವ ಹೊತ್ತಿಗೆ ಗಾಢ ಜೇನು ಬಣ್ಣಕ್ಕೆ ಬರುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಕಪ್ಪು ಹರಡುತ್ತದೆ. ಸಾಲ್ವಿನಿಯಾ ಬೇರುಗಳ ನಡುವೆ ನೊರೆಯ ಗೂಡು ಕಟ್ಟುತ್ತದೆ. ಆಗ ಒಂದು ಮೂಲೆ ತನ್ನದು ಅಂತ ಹಿಡಿದುಕೊಂಡು ಟೆಟ್ರಾಗಳನ್ನು ಅಟ್ಟುವುದು ಉಂಟು. ಅಟ್ಟುತ್ತದೆ ಅಷ್ಟೇ, ಗಾಯ ಮಾಡಿದ್ದು ನಾನು ನೋಡಿಲ್ಲ. ಎರಡು ಗಂಡು ಮಾತ್ರ ಈ ಅಳತೆಯ ಟ್ಯಾಂಕಿಗೆ ಬೇಡ.

ಇದರ ಜಾಗಕ್ಕೆ ಡ್ವಾರ್ಫ್ ಗೌರಾಮಿ ತರುವವರು ಜಾಸ್ತಿ. ನೀಲಿ ಕೆಂಪು ಪಟ್ಟೆ ನೋಡಲು ಚೆಂದ ನಿಜ. ಆದರೆ ಅದು 7-8 ಸೆಂ.ಮೀ. ಬೆಳೆಯುತ್ತದೆ, ಗಂಡಿಗೆ ಜಗಳ ಜಾಸ್ತಿ, ಜೊತೆಗೆ ಸಾಕಣೆಯ ಮೀನುಗಳಲ್ಲಿ ಇರಿಡೊವೈರಸ್ ಕಾಟ ಬೇರೆ. ನನ್ನ ವೋಟು ಹನಿಗೇ. ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅಂದರೆ, ಹೊಸದಾಗಿ ಬಂದಾಗ ವಿಪರೀತ ನಾಚಿಕೆ. ಮೊದಲ ವಾರಗಳಲ್ಲಿ ಟ್ಯಾಂಕಿನಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತದೆ.

ಚೆರ್ರಿ ಸೀಗಡಿ ಬಗ್ಗೆ ಎರಡೇ ಮಾತು. ದೊಡ್ಡವನ್ನು ಈ ಮೂರು ಮೀನುಗಳಲ್ಲಿ ಯಾವುದೂ ತಿನ್ನುವುದಿಲ್ಲ. ಮರಿಗಳನ್ನು ಗೌರಾಮಿ ಸಿಕ್ಕಿದಷ್ಟು ತಿನ್ನುತ್ತದೆ, ಜಾವಾ ಮಾಸ್ ದಟ್ಟವಾಗಿದ್ದರೆ ಸಾಕಷ್ಟು ಉಳಿಯುತ್ತವೆ. ತಳದಲ್ಲಿ ಬಿಳಿಚಿದ ಸೀಗಡಿ ಬಿದ್ದಿದೆ ಅಂತ ಕಂಡರೆ ಒಮ್ಮೆ ಸರಿಯಾಗಿ ನೋಡಿ, ಬಹುತೇಕ ಅದು ಕಳಚಿದ ಚಿಪ್ಪು. ಆದರೆ ತಾಮ್ರ ಇರುವ ಮೀನಿನ ಔಷಧಿ ಹಾಕಿದರೆ ನಿಜವಾಗಿಯೂ ಸಾಯುತ್ತವೆ.

ಇನ್ನು ಈ ಅಳತೆಗೆ ಮಾರುವ, ಆದರೆ ಹೊಂದದ ಮೀನುಗಳು. ಏಂಜಲ್ 15 ಸೆಂ.ಮೀ. ಬೆಳೆದು ಟೆಟ್ರಾಗಳನ್ನು ನುಂಗುತ್ತದೆ. ಸಾಮಾನ್ಯ ಪ್ಲೆಕೊ 30 ಸೆಂ.ಮೀ. ಮೀರುತ್ತದೆ. 'ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಸಾರ್' ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಚೈನೀಸ್ ಆಲ್ಗೀ ಈಟರ್ ಚಿಕ್ಕದಿದ್ದಾಗ ಪಾಚಿ ತಿನ್ನುತ್ತದೆ, ದೊಡ್ಡದಾದ ಮೇಲೆ ಬೇರೆ ಮೀನಿನ ಮೈಗೆ ಅಂಟಿಕೊಂಡು ಲೋಳೆ ಹೀರುತ್ತದೆ. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಗಿಡ ಅದಕ್ಕೆ ಊಟ. ಗಪ್ಪಿ ಒಳ್ಳೆಯ ಮೀನೇ, ಆದರೆ ಅದಕ್ಕೆ ಗಡಸು ನೀರು ಹಿತ. ಟೆಟ್ರಾ, ಕೋರಿಗಳಿಗೆ ಮೆದು ನೀರು. ಮೇಲಾಗಿ ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಇದ್ದು ಬಂದರೆ ಸಾಕು, ಆಮೇಲೆ ಒಂಟಿಯಾಗಿದ್ದರೂ ತಿಂಗಳುಗಟ್ಟಲೆ ಹಾಕುತ್ತಲೇ ಇರುತ್ತದೆ. ಆ ಮರಿಗಳನ್ನೆಲ್ಲ ಯಾರಿಗೆ ಕೊಡುತ್ತೀರಿ?

ಓಟೊಸಿಂಕ್ಲಸ್ ಮಾತ್ರ ಬೇರೆ ಲೆಕ್ಕ. 4 ಸೆಂ.ಮೀ.ಯ ಸಾಧು ಪ್ರಾಣಿ, ಎಲೆಯ ಮೇಲಿನ ಕಂದು ಪಾಚಿಯನ್ನು ಒರೆಸಿದ ಹಾಗೆ ತಿನ್ನುತ್ತದೆ. ಸ್ವಭಾವದಲ್ಲಿ ಇದಕ್ಕಿಂತ ಹೊಂದುವ ಮೀನು ಸಿಗುವುದಿಲ್ಲ. ಆದರೆ ಮಾರಾಟಕ್ಕೆ ಬರುವವು ಹೆಚ್ಚಾಗಿ ನದಿಯಿಂದ ಹಿಡಿದವು, ದಾರಿಯುದ್ದಕ್ಕೂ ಉಪವಾಸ ಇದ್ದು ಬಂದಿರುತ್ತವೆ. ಹೊಟ್ಟೆ ಒಳಕ್ಕೆ ಹೋಗಿದ್ದರೆ ಕೊಳ್ಳಬೇಡಿ. ಹೊಸ ಟ್ಯಾಂಕಿಗಂತೂ ಬೇಡವೇ ಬೇಡ. ಕೆಲವು ತಿಂಗಳು ಹಳೆಯದಾಗಿ, ಪಾಚಿ ಚೆನ್ನಾಗಿ ಕೂತ ಟ್ಯಾಂಕಿದ್ದರೆ ಆರು ತನ್ನಿ.

ನನ್ನ ಹೀಟರ್ 25 ಡಿಗ್ರಿಗೆ ಇದೆ. ಮೂರೂ ಜಾತಿಗೆ ಅದು ಸರಿಹೋಗುತ್ತದೆ. ಮೀನು ಬಿಡುವ ಮೊದಲು ಫಿಲ್ಟರ್ ಹಾಕಿ ಟ್ಯಾಂಕ್ ಓಡಿಸಿ, ಮೀನಿಗೆ ವಿಷವಾಗುವ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆಮೇಲೆ ಮೊದಲು ಟೆಟ್ರಾ, ಎರಡು ವಾರ ಬಿಟ್ಟು ಕೋರಿ, ಕೊನೆಗೆ ಗೌರಾಮಿ. ಗೌರಾಮಿ ಮೊದಲು ಬಂದರೆ ಇಡೀ ಟ್ಯಾಂಕ್ ತನ್ನದು ಅಂದುಕೊಳ್ಳುತ್ತದೆ.

ಈ ಮೂರರ ಜೊತೆಯಲ್ಲಿ ನನಗೆ ನಿಜವಾಗಿ ಬೇಜಾರಿರುವುದು ಊಟದ ವಿಷಯಕ್ಕೆ. ಎಲ್ಲರದೂ ಪುಟ್ಟ ಬಾಯಿ. ಮಾಮೂಲಿ ಫ್ಲೇಕ್ಸ್ ಹಾಗೇ ಹಾಕಿದರೆ ಎಂಬರ್ ಕಚ್ಚಿ ಉಗುಳುತ್ತದೆ, ಬೆರಳಲ್ಲಿ ಪುಡಿ ಮಾಡಬೇಕು. ಪುಡಿ ಮಾಡಿದ್ದು ತಳ ಮುಟ್ಟುವ ಮೊದಲೇ ಮೇಲಿನವು ಮುಗಿಸುತ್ತವೆ, ಕೋರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಲೈಟ್ ಆರಿಸಿದ ಮೇಲೆ ಮುಳುಗುವ ಸಣ್ಣ ಗುಳಿಗೆಯನ್ನು ಎರಡು ಮೂರು ಕಡೆ ಹಾಕುತ್ತೇನೆ. ಒಂದೇ ಕಡೆ ಹಾಕಿದರೆ ಸೀಗಡಿಗಳು ಹೊತ್ತುಕೊಂಡು ಹೋಗುತ್ತವೆ.