ಒಂದೇ ಕೋಡ್ ಎಲ್ಲ ಪ್ರಾಜೆಕ್ಟಿಗೂ: ಕಾಪಿಯಾ, ಸಬ್‌ಮಾಡ್ಯೂಲಾ, ಸಬ್‌ಟ್ರೀನಾ, ಪ್ಯಾಕೇಜಾ?

ಬಿಡುವಿನಲ್ಲಿ ನಾನು ಬರೆಯುವ ಪೈಥಾನ್ ಪ್ರೋಗ್ರಾಂಗಳಿಗೆಲ್ಲ ಕನ್ನಡ ಪಠ್ಯವೇ ಸರಕು. ನಿಘಂಟು ಹುಡುಕುವ ಸ್ಕ್ರಿಪ್ಟ್, ಪದಬಂಧ, ಹೀಗೆ. ಎಲ್ಲದಕ್ಕೂ ಬೇಕಾದ ಫೈಲ್ ಒಂದಿದೆ. ಪಠ್ಯವನ್ನು ಶುಚಿ ಮಾಡುವುದು ಅದರ ಕೆಲಸ. ಯೂನಿಕೋಡ್‌ನಲ್ಲಿ ‘ಕೊ’ ಬರೆಯಲು ಎರಡು ದಾರಿ ಇವೆ: ಕ ಪಕ್ಕ ಒತ್ವದ ಒಂದೇ ಚಿಹ್ನೆ, ಇಲ್ಲಾ ಎತ್ವ ಮತ್ತು ಕೊಂಬಿನ ಇಳಿಯ ಎರಡು ಚಿಹ್ನೆ. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ, ನನ್ನಲ್ಲಿ ಎನ್ಎಫ್‌ಸಿಗೆ (ಚಿಹ್ನೆಗಳನ್ನು ಕೂಡಿಸಿ ಒಂದೇ ಮಾಡುವ ಯೂನಿಕೋಡ್ ರೂಪ), ತಂದರೆ ಮಾತ್ರ ಹುಡುಕಿದ ಪದ ಸಿಗುತ್ತದೆ.

ಈ ಫೈಲನ್ನು ಕಾಪಿ ಮಾಡುತ್ತಾ ಹೋಗುವುದು ಎಲ್ಲಕ್ಕಿಂತ ಸುಲಭ. ಐದಾರು ಸಾಲಿನ ಫಂಕ್ಷನ್ ಆದರೆ ಈಗಲೂ ಕಾಪಿನೇ ಮಾಡುತ್ತೇನೆ, ಅದಕ್ಕೆ ನಾಚಿಕೆಯೇನಿಲ್ಲ. ತಲೆನೋವು ಶುರುವಾಗುವುದು ಕಾಪಿಗಳು ಒಂದೊಂದು ದಿಕ್ಕಿಗೆ ಬೆಳೆದಾಗ. ‘ಸಾಫ್ಟ್‌ವೇರ್’ ಪದದಲ್ಲಿ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಅದೇ ವೇ ಒತ್ತಕ್ಷರವಾಗದಂತೆ ತಡೆಯುವುದು. ಹುಡುಕುವಾಗ ಅದನ್ನು ತೆಗೆಯಬೇಕು, ಯಾಕೆಂದರೆ ಎಷ್ಟೋ ಜನ ಅದನ್ನು ಟೈಪ್ ಮಾಡುವುದೇ ಇಲ್ಲ. ಪದಬಂಧದಲ್ಲಿ ಉಳಿಸಲೇಬೇಕು, ಇಲ್ಲದಿದ್ದರೆ ಮನೆಗಳ ಲೆಕ್ಕವೇ ತಪ್ಪುತ್ತದೆ. ಹೀಗೆ ಒಂದು ಕಾಪಿಗೆ ಒಂದು ಆಯ್ಕೆ ಸೇರಿತು, ಇನ್ನೊಂದಕ್ಕೆ ಸೇರಲಿಲ್ಲ. ಆಮೇಲೆ ಯಾವುದು ಹೊಸದು ಅಂತ ಡಿಫ್ ಹಾಕಿ (ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಕಮಾಂಡ್) ನೋಡುವುದೇ ಕೆಲಸ.

ಗಿಟ್ ಅಂದರೆ ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಲಕರಣೆ, ಅದು ಇಡುವ ಪ್ರಾಜೆಕ್ಟ್ ಫೋಲ್ಡರೇ ರೆಪೊ. ಒಂದು ರೆಪೊದೊಳಗೆ ಇನ್ನೊಂದನ್ನು ಜೋಡಿಸುವ ಗಿಟ್ ಸಬ್‌ಮಾಡ್ಯೂಲ್ ಕಾಗದದ ಮೇಲೆ ಚೆಂದ. ಮುಖ್ಯ ರೆಪೊದಲ್ಲಿ ಇರುವುದು ಇಂಥ ಕಮಿಟ್ (ಇತಿಹಾಸದಲ್ಲಿ ಉಳಿಸಿಟ್ಟ ಒಂದು ಹಂತ) ಅನ್ನುವ ಗುರುತು ಮಾತ್ರ. ಆದರೆ ಸುಮ್ನೆ ಕ್ಲೋನ್ ಮಾಡಿದರೆ (ರೆಪೊದ ಪ್ರತಿ ಇಳಿಸಿಕೊಂಡರೆ) ಆ ಫೋಲ್ಡರ್ ಖಾಲಿ. ರಿಕರ್ಸ್ ಸಬ್‌ಮಾಡ್ಯೂಲ್ಸ್ ಅಂತ ಬೇರೆಯಾಗಿ ಹೇಳಬೇಕು. ಹಾಗೆ ತಂದರೂ ಒಳಗೆ ಯಾವ ಬ್ರಾಂಚ್ (ಕಮಿಟ್‌ಗಳು ಬೆಳೆಯುವ ಸಾಲು) ಮೇಲೂ ಇರುವುದಿಲ್ಲ, ಇದಕ್ಕೇ ಡಿಟ್ಯಾಚ್ಡ್ ಹೆಡ್ ಅನ್ನುವುದು. ಒಂದು ಸಾಲು ತಿದ್ದಲು ಬ್ರಾಂಚಿಗೆ ಹೋಗು, ಕಮಿಟ್ ಮಾಡು, ಪುಶ್ ಮಾಡು (ಮೂಲ ರೆಪೊಗೆ ಕಳಿಸು), ಹೊರಗೆ ಬಂದು ಮತ್ತೆ ಕಮಿಟ್ ಮಾಡು. ಬೇರೆಯವರ ದೊಡ್ಡ ಲೈಬ್ರರಿಯನ್ನು ಒಂದು ಕಡೆ ಕಟ್ಟಿಹಾಕಲು ಇದು ಸರಿ. ನನ್ನದೇ ಸಣ್ಣ ಫೈಲಿಗೆ ಜಾಸ್ತಿಯಾಯಿತು.

ಗಿಟ್‌ನದೇ ಇನ್ನೊಂದು ದಾರಿಯಾದ ಸಬ್‌ಟ್ರೀಯಲ್ಲಿ ಫೈಲುಗಳು ನಿಜವಾಗಿಯೂ ಒಳಗೇ ಬಂದು ಕೂರುತ್ತವೆ. ಕ್ಲೋನ್ ಮಾಡಿದವರಿಗೆ ಏನೂ ಗೊತ್ತಿರಬೇಕಿಲ್ಲ, ಅದು ಇದರ ದೊಡ್ಡ ಗುಣ. ಹೊಸದನ್ನು ತರಿಸುವುದೂ ಸಲೀಸು. ತಿದ್ದಿದ್ದನ್ನು ಮೂಲಕ್ಕೆ ವಾಪಸ್ ಕಳಿಸುವಾಗ ಮಾತ್ರ ಅದು ಹಿಂದಿನ ಕಮಿಟ್‌ಗಳನ್ನೆಲ್ಲ ಜಾಲಾಡುತ್ತದೆ, ಇತಿಹಾಸ ಉದ್ದವಾದಷ್ಟೂ ನಿಧಾನ. ಜೊತೆಗೆ ಪ್ರಿಫಿಕ್ಸ್, ಸ್ಕ್ವಾಶ್ ಅಂತ ಉದ್ದದ ಕಮಾಂಡ್, ಪ್ರತಿ ಸಲ ಹಳೇ ನೋಟ್ಸ್ ತೆಗೆದು ನೋಡಬೇಕು.

ನನಗೆ ಒಗ್ಗಿದ್ದು ಪ್ಯಾಕೇಜ್, ಅಂದರೆ ಇನ್‌ಸ್ಟಾಲ್ ಮಾಡಿ ಇಂಪೋರ್ಟ್ ಮಾಡಿಕೊಳ್ಳುವ ಕೋಡಿನ ಕಟ್ಟು. ಪೈಪಿಐಗೆ (ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರ) ಹಾಕಲೇಬೇಕು ಅಂತೇನಿಲ್ಲ. ಪ್ಯಾಕೇಜಿನ ವಿವರ ಇಡುವ ಪೈಪ್ರಾಜೆಕ್ಟ್ ಟಾಮಲ್ ಫೈಲಿನಲ್ಲಿ ಹತ್ತು ಸಾಲು ಬರೆದರೆ ಪೈಥಾನ್‌ನ ಇನ್‌ಸ್ಟಾಲರ್ ಪಿಪ್ ನೇರ ಗಿಟ್ ವಿಳಾಸದಿಂದಲೇ ಇನ್‌ಸ್ಟಾಲ್ ಮಾಡುತ್ತದೆ, ಯಾವ ಟ್ಯಾಗ್ (ಆವೃತ್ತಿಯ ಗುರುತು) ಬೇಕೋ ಅದನ್ನು. ತಿದ್ದುವ ದಿನಗಳಲ್ಲಿ ‘ಇ’ ಆಯ್ಕೆ ಕೊಟ್ಟು ಹಾಕಿಕೊಂಡರೆ ಉಳಿಸಿದ ಬದಲಾವಣೆ ಮುಂದಿನ ಸಲ ಓಡಿಸಿದಾಗಲೇ ಕಾಣುತ್ತದೆ. ಹಳೇ ಪದಬಂಧ ತನ್ನ 0.3 ಆವೃತ್ತಿಯ ಮೇಲೆ ತಣ್ಣಗೆ ಇರುತ್ತದೆ, ನಿಘಂಟು 0.5ಕ್ಕೆ ಹೋಗುತ್ತದೆ. ಯಾರೂ ಯಾರನ್ನೂ ಎಳೆಯುವುದಿಲ್ಲ. ಸಬ್‌ಮಾಡ್ಯೂಲ್ ಕೊಡುವುದೂ ಇದನ್ನೇ ಅಲ್ವಾ ಅನ್ನಬಹುದು. ಹೌದು, ಆದರೆ ಇಲ್ಲಿ ಗಿಟ್ ಜೊತೆ ಗುದ್ದಾಟ ಇಲ್ಲ. ಪ್ರತಿ ತಿದ್ದುಪಡಿಗೂ ಟ್ಯಾಗ್ ಹಾಕಿ, ಬೇಕಾದ ಕಡೆ ಸಂಖ್ಯೆ ಬದಲಿಸಬೇಕು, ಖರ್ಚು ಅಷ್ಟೇ.

ಎಲ್ಲವನ್ನೂ ಒಂದೇ ರೆಪೊದಲ್ಲಿ ಇಡುವುದನ್ನು ಬೇಗ ಬಿಟ್ಟೆ. ಒಂದನ್ನು ಮಾತ್ರ ಸಾರ್ವಜನಿಕ ಮಾಡಬೇಕೆಂದರೆ ಕತ್ತರಿಸಿ ತೆಗೆಯುವುದು ರಗಳೆ.

ಸೆಟ್ಟಿಂಗ್ ಫೈಲುಗಳ ಕಥೆ ಬೇರೆ, ಅವು ಇಂಪೋರ್ಟ್ ಆಗುವುದಿಲ್ಲ. ಟೆಂಪ್ಲೇಟಿನಿಂದ (ಮಾದರಿ ಫೋಲ್ಡರ್) ಅವನ್ನು ಹುಟ್ಟಿಸುವ ಸಲಕರಣೆಗಳು ಕುಕೀಕಟರ್, ಕಾಪಿಯರ್. ಕುಕೀಕಟರ್ ಒಮ್ಮೆ ಅಚ್ಚು ತೆಗೆದು ಕೈಬಿಡುತ್ತದೆ. ಕಾಪಿಯರ್ ನಾವು ಕೊಟ್ಟ ಉತ್ತರಗಳನ್ನು ಬರೆದಿಟ್ಟುಕೊಂಡು, ಟೆಂಪ್ಲೇಟ್ ಬದಲಾದ ಮೇಲೆ ಅಪ್‌ಡೇಟ್ ಅಂದರೆ ಹಳೇ ಪ್ರಾಜೆಕ್ಟಿಗೂ ತಲುಪಿಸುತ್ತದೆ. ನನ್ನ ಮತ ಕಾಪಿಯರ್‌ಗೆ.

ಪದಬಂಧದ ಬ್ರೌಸರ್ ಭಾಗಕ್ಕೆ ಪೈಥಾನ್ ಪ್ಯಾಕೇಜ್ ಉಪಯೋಗಕ್ಕೆ ಬರಲಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಎನ್ಎಫ್‌ಸಿಗೆ ತರುವ ನಾರ್ಮಲೈಸ್ ಫಂಕ್ಷನ್ ಮೊದಲೇ ಇದೆ, ಹಾಗಾಗಿ ಅಲ್ಲಿ ಕೋಡನ್ನು ಮತ್ತೆ ಬರೆದೆ. ಹಂಚಿಕೊಂಡಿರುವುದು ಪರೀಕ್ಷೆಯ ಪದಗಳ ಜೇಸಾನ್ (ಡೇಟಾವನ್ನು ಸರಳ ಪಠ್ಯವಾಗಿ ಇಡುವ ರೂಪ) ಫೈಲ್ ಒಂದನ್ನೇ, ಎರಡೂ ಭಾಷೆಯ ಟೆಸ್ಟ್‌ಗಳು ಅದನ್ನೇ ಓದುತ್ತವೆ.