ಮಂಡಿ ನೋವಿನವಳು ಮತ್ತೆ ಅಂಗಳಕ್ಕೆ: ಮ್ಯಾಂಚೆಸ್ಟರ್‌ನ ‘ಬ್ಯಾಕ್ ಟು ನೆಟ್‌ಬಾಲ್’ ತರಗತಿಯ ಹನ್ನೆರಡು ವಾರ

ಹಿರಿಯೂರಿನಲ್ಲಿ ಹೈಸ್ಕೂಲು ಓದುವಾಗ ಮೂರು ವರ್ಷ ಥ್ರೋಬಾಲ್ ಆಡಿದವಳು ನಾನು. ಹೋಬಳಿ, ತಾಲ್ಲೂಕು ದಾಟಿ ಒಂದು ಸಲ ಜಿಲ್ಲಾ ಮಟ್ಟಕ್ಕೂ ಹೋಗಿದ್ದೆವು. ಆಮೇಲೆ ಪಿಯುಸಿ, ಡಿಪ್ಲೊಮಾ, ಮದುವೆ, ಮ್ಯಾಂಚೆಸ್ಟರ್, ಇಬ್ಬರು ಮಕ್ಕಳು. ಇಪ್ಪತ್ನಾಲ್ಕು ವರ್ಷ ಚೆಂಡು ಮುಟ್ಟಲಿಲ್ಲ. ಎರಡನೇ ಹೆರಿಗೆಯ ನಂತರ ಎಡ ಮಂಡಿ ನೋಯಲು ಶುರುವಾಯಿತು, ಮೆಟ್ಟಿಲು ಇಳಿಯುವುದೇ ಕಷ್ಟ. ಇಂಥವಳು ಹನ್ನೆರಡು ವಾರದಿಂದ ಪ್ರತಿ ಗುರುವಾರ ಸಂಜೆ ನೆಟ್‌ಬಾಲ್ ಆಡುತ್ತಿದ್ದೇನೆ, ಚೆಂಡನ್ನು ಕೈಯಿಂದ ಕೈಗೆ ಪಾಸ್ ಮಾಡುತ್ತ ಎತ್ತರದ ಕಂಬದ ರಿಂಗಿಗೆ ಹಾಕುವ ಆಟ. ಇಲ್ಲಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಈ ತರಗತಿಯ ವಿಷಯವೇ ಗೊತ್ತಿಲ್ಲ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

‘ಬ್ಯಾಕ್ ಟು ನೆಟ್‌ಬಾಲ್’ ಇಂಗ್ಲೆಂಡ್ ನೆಟ್‌ಬಾಲ್ ಸಂಸ್ಥೆ 2010ರಲ್ಲಿ ಶುರು ಮಾಡಿದ ಕಾರ್ಯಕ್ರಮ. ಶಾಲೆಯಲ್ಲಿ ಆಡಿ ಬಿಟ್ಟವರಿಗೂ, ಎಂದೂ ಆಡದವರಿಗೂ. ನಮ್ಮಲ್ಲಿ ಗಂಟೆಗೆ 5 ಪೌಂಡ್. ಬಂದ ವಾರಕ್ಕೆ ಮಾತ್ರ ಕೊಟ್ಟರಾಯಿತು, ತಿಂಗಳ ಲೆಕ್ಕವಿಲ್ಲ. ಶಿಫ್ಟ್ ಕೆಲಸದ ನನ್ನಂಥವಳಿಗೆ ಇದೇ ದೊಡ್ಡ ಅನುಕೂಲ.

ಮೊದಲ ದಿನ ಕೋಚ್ ಎಲ್ಲರನ್ನೂ ಗೋಡೆ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಯಾರಿಗೆ ಎಲ್ಲಿ ನೋವಿದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಕೋಚ್ ಐವತ್ತು ದಾಟಿದವರು, ಬೋಲ್ಟನ್ ಕಡೆಯವರು. ನಾನು ಮಂಡಿ ಅಂದೆ. ಅವರು ತಲೆಯಾಡಿಸಿ ಇಂಗ್ಲೆಂಡಿನ ಮಾಜಿ ನೆಟ್‌ಬಾಲ್ ಆಟಗಾರ್ತಿ ಟ್ರೇಸಿ ನೆವಿಲ್ ಕಥೆ ತೆಗೆದರು. ಫುಟ್‌ಬಾಲ್ ನೋಡುವವರಿಗೆ ಗ್ಯಾರಿ ನೆವಿಲ್, ಫಿಲ್ ನೆವಿಲ್ ಗೊತ್ತಿರುತ್ತಾರೆ. ಟ್ರೇಸಿ ಈ ಇಬ್ಬರ ಸಹೋದರಿ, ಫಿಲ್‌ನ ಅವಳಿ. ಇಲ್ಲೇ ಪಕ್ಕದ ‘ಬರಿ’ (Bury) ಎಂಬ ಊರಿನವರು.

ನಾನು ಮನೆಗೆ ಬಂದು ಆ ರಾತ್ರಿ ಸಿಕ್ಕಿದ್ದೆಲ್ಲ ಓದಿದೆ. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ನೆಟ್‌ಬಾಲ್ ಮೊದಲ ಬಾರಿ ಸೇರಿದ್ದು 1998ರಲ್ಲಿ, ಕೌಲಾಲಂಪುರದಲ್ಲಿ. ಇಂಗ್ಲೆಂಡಿಗೆ ಕಂಚು. ಆ ತಂಡದಲ್ಲಿ ಟ್ರೇಸಿ ಇದ್ದರು, ಗೋಲು ಹಾಕುವ ಜಾಗದಲ್ಲಿ. ಮುಂದೆ ಮಂಡಿ ಗಾಯದಿಂದ ಆಟ ನಿಲ್ಲಿಸಬೇಕಾಯಿತು. ಅಲ್ಲಿಗೆ ಮುಗಿಯಿತು ಎಂದು ಮನೆಗೆ ಹೋಗಲಿಲ್ಲ. ಮ್ಯಾಂಚೆಸ್ಟರ್ ಥಂಡರ್ ತಂಡಕ್ಕೆ ಕೋಚ್ ಆದರು, 2012 ಮತ್ತು 2014ರಲ್ಲಿ ಇಲ್ಲಿನ ನೆಟ್‌ಬಾಲ್ ಲೀಗ್ ಆದ ಸೂಪರ್‌ಲೀಗ್ ಗೆಲ್ಲಿಸಿದರು. 2015ರಲ್ಲಿ ಇಂಗ್ಲೆಂಡ್ ತಂಡದ ಹೊಣೆ ಬಂತು. ಅದೇ ಆಗಸ್ಟ್‌ನಲ್ಲಿ ಸಿಡ್ನಿಯಲ್ಲಿ ವಿಶ್ವಕಪ್. ಮಗಳ ತಂಡ ನೋಡಲು ಹೋಗಿದ್ದ ತಂದೆ ಅಲ್ಲೇ ತೀರಿಕೊಂಡರು. ಟೂರ್ನಿ ಇನ್ನೂ ಮುಗಿದಿರಲಿಲ್ಲ. ತಂಡ ಕಂಚು ತಂದಿತು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಅಪ್ಪ ಹೋದಾಗ ನಾನು ಇಲ್ಲಿದ್ದೆ, ವಿಮಾನ ಸಿಕ್ಕಿದ್ದು ಮರುದಿನ.

ಇನ್ನು 2018ರ ಗೋಲ್ಡ್ ಕೋಸ್ಟ್ ಫೈನಲ್. ಅಲ್ಲಿಯವರೆಗೆ ಕಾಮನ್‌ವೆಲ್ತ್‌ನ ಐದೂ ಫೈನಲ್ ಆಡಿದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇಬ್ಬರೇ. ಇಂಗ್ಲೆಂಡ್ ಸೆಮಿಫೈನಲ್‌ನಲ್ಲಿ ಜಮೈಕಾವನ್ನು 56-55ರಿಂದ ದಾಟಿ ಬಂದಿತ್ತು. ಫೈನಲ್‌ನಲ್ಲಿ ಎದುರಿಗೆ ಆಸ್ಟ್ರೇಲಿಯಾ, ಅದೂ ಅವರದೇ ನೆಲದಲ್ಲಿ. 51-51. ಕೊನೆಯ ಸೆಕೆಂಡುಗಳಲ್ಲಿ ಹೆಲೆನ್ ಹೌಸ್‌ಬಿ ಎಸೆದ ಚೆಂಡು ರಿಂಗಿಗೆ ಬೀಳಲಿಲ್ಲ, ಆದರೆ ಪೆನಾಲ್ಟಿ ಸಿಕ್ಕಿತು. ಎರಡನೇ ಎಸೆತ ಒಳಗೆ ಬಿತ್ತು. 52-51. ಆಟಗಾರ್ತಿಯಾಗಿ ಕಂಚು ಪಡೆದ ಇಪ್ಪತ್ತು ವರ್ಷಕ್ಕೆ, ಟ್ರೇಸಿಗೆ ಕೋಚ್ ಆಗಿ ಚಿನ್ನ. ವಿಡಿಯೊ ನೋಡಿ, ಆ ಕೊನೆಯ ಅರ್ಧ ನಿಮಿಷಕ್ಕಾದರೂ ನೋಡಿ.

ತರಗತಿಗೆ ಬರುತ್ತೇನೆ. ಥ್ರೋಬಾಲ್ ಆಡಿದವರಿಗೆ ನೆಟ್‌ಬಾಲ್ ಅರ್ಧ ಗೊತ್ತಿರುವ ಆಟವೇ. ಎರಡರಲ್ಲೂ ಚೆಂಡು ಮೂರು ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿ ಇರಕೂಡದು. ಹಿಡಿದುಕೊಂಡು ಓಡಕೂಡದು. ನನ್ನ ಕೈ ಇದನ್ನು ಮರೆತೇ ಇರಲಿಲ್ಲ. ಮೊದಲ ಪಾಸ್ ಹಿಡಿದಾಗ ಪಿ.ಟಿ. ಮೇಷ್ಟ್ರ ಸೀಟಿ ಕೇಳಿದ ಹಾಗಾಯಿತು. ಕಷ್ಟವಾದದ್ದು ಕಾಲಿಗೆ. ಥ್ರೋಬಾಲ್‌ನಲ್ಲಿ ನಮ್ಮ ಜಾಗದಲ್ಲಿ ನಿಂತು ಚೆಂಡಿಗೆ ಕಾಯುತ್ತಿದ್ದೆವು. ಇಲ್ಲಿ ಚೆಂಡು ಬರುವ ಜಾಗಕ್ಕೆ ಮೊದಲೇ ಓಡಿ, ಹಿಡಿದ ತಕ್ಷಣ ನಿಲ್ಲಬೇಕು. ಮೊದಲು ಊರಿದ ಕಾಲನ್ನು ಎತ್ತಬಹುದು, ಮತ್ತೆ ನೆಲಕ್ಕೆ ಊರುವ ಮೊದಲು ಚೆಂಡು ಕೈಬಿಟ್ಟಿರಬೇಕು. ಪೂರ್ತಿ ವೇಗದಿಂದ ಒಮ್ಮೆಲೇ ನಿಲ್ಲುವಾಗ ಭಾರವೆಲ್ಲ ಬೀಳುವುದು ಮಂಡಿಗೆ.

ಅದಕ್ಕೇ ನಮ್ಮ ಕೋಚ್ ಮೊದಲ ಮೂರು ವಾರ ಗೋಲಿನ ಕಂಬದ ಹತ್ತಿರವೂ ಬಿಡಲಿಲ್ಲ. ಬರೀ ಹಾರುವುದು, ಇಳಿಯುವುದು. ಶಬ್ದವಾಗದೆ ಇಳಿಯಿರಿ ಅನ್ನುತ್ತಿದ್ದರು. ಹಾಲ್‌ನಲ್ಲಿ ಹದಿನಾರು ಹೆಂಗಸರು, ಧಪ್ ಅಂದವರು ಮತ್ತೊಮ್ಮೆ ಮಾಡಬೇಕು. ನಾನು ಮನಸ್ಸಿನಲ್ಲೇ ಹಿಂದೆ ಮಣೆ ಇದೆ ಅಂದುಕೊಂಡು ಅದರ ಮೇಲೆ ಕೂರಲು ಹೋದ ಹಾಗೆ ಸೊಂಟ ಇಳಿಸುತ್ತಿದ್ದೆ. ಮಂಡಿ ಒಳಕ್ಕೆ ವಾಲಿದರೆ ಸಾಕು, ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಬೇಸರ ಬಂದು ಇಬ್ಬರು ಬಿಟ್ಟು ಹೋದರು. ನನಗನಿಸುವುದು, ಇಡೀ ತರಗತಿಯ ಬೆಲೆ ಇರುವುದೇ ಈ ಮೂರು ವಾರದಲ್ಲಿ. ಆರನೇ ವಾರಕ್ಕೆ ಮನೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದೆ. ತರಗತಿ ಸೇರುವ ಮೊದಲು ಡಾಕ್ಟರ ಹತ್ತಿರ ತೋರಿಸಿ, ಆಡಬಹುದು ಅನ್ನಿಸಿಕೊಂಡೇ ಹೋಗಿದ್ದೆ. ನೀವೂ ಹಾಗೇ ಮಾಡಿ.

ಈಗ ಬೇಸರದ ವಿಷಯ. ನಾನು ಮೊದಲು ಹೋಗಿದ್ದು ಇನ್ನೊಂದು ಕೇಂದ್ರಕ್ಕೆ. ಎರಡು ಸಲ ತರಗತಿ ರದ್ದಾಗಿದ್ದು ಬಾಗಿಲಿಗೆ ಹೋದಾಗಲೇ ತಿಳಿದದ್ದು, ಒಂದು ಮೆಸೇಜೂ ಇಲ್ಲ. ಚಳಿಯಲ್ಲಿ ಎರಡು ಬಸ್ ಬದಲಾಯಿಸಿ ಹೋದವಳಿಗೆ ಅಳುವೇ ಬಂದಿತ್ತು. ಈಗಿನ ಹಾಲ್ ಚೆನ್ನಾಗಿದೆ, ಆದರೆ ಒಂದು ಮೂಲೆಯಲ್ಲಿ ನೆಲ ಜಾರುತ್ತದೆ. ಎಷ್ಟು ಸಲ ಹೇಳಿದರೂ ಸರಿಮಾಡಿಲ್ಲ. ಇಳಿಯುವುದನ್ನು ಇಷ್ಟು ಜತನದಿಂದ ಕಲಿಸುವ ಜಾಗದಲ್ಲಿ ಇದು ಆಗಕೂಡದು.

ನಮ್ಮವರು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಸ್ಕರ್ಟ್ ಹಾಕಬೇಕಾಗಿಲ್ಲ, ನಾನು ಟ್ರ್ಯಾಕ್ ಪ್ಯಾಂಟ್ ಮತ್ತು ಉದ್ದ ತೋಳಿನ ಟೀ ಶರ್ಟಿನಲ್ಲೇ ಆಡುತ್ತೇನೆ. ಹಿಜಾಬ್ ತೊಟ್ಟು ಆಡುವ ಒಬ್ಬರು ನಮ್ಮ ಅತ್ಯುತ್ತಮ ಡಿಫೆಂಡರ್. ಆದರೆ ಒಡವೆ ಬಿಚ್ಚಿಡಬೇಕು, ಉಗುರು ಗಿಡ್ಡವಿರಬೇಕು, ಆಟಕ್ಕೆ ಮುಂಚೆ ಕೈ ನೋಡುತ್ತಾರೆ. ಬಳೆ, ಕರಿಮಣಿ ಸರವನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿಡುತ್ತೇನೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, “ಮೊದ್ಲು ಮಂಡಿ ನೋಡ್ಕೊಳೇ, ಸರ ಆಮೇಲೆ ಹಾಕ್ಕೊಂಡ್ರಾಯ್ತು” ಅಂದರು. ಓಡುವ ಶೂ ಸಾಲದು. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ತಿರುಗಿದಾಗ ಪಾದ ಮಡಚುತ್ತದೆ. ನೆಟ್‌ಬಾಲ್‌ಗೆ ಬೇರೆಯೇ ಶೂ ಇದೆ, ಆದರೆ ಮುಂದುವರಿಸುತ್ತೇನೆ ಎಂದು ಖಚಿತವಾದ ಮೇಲೆ ಕೊಳ್ಳಿ.

ಟ್ರೇಸಿ ನೆವಿಲ್ 2019ರ ಲಿವರ್‌ಪೂಲ್ ವಿಶ್ವಕಪ್ ನಂತರ ಇಂಗ್ಲೆಂಡ್ ತಂಡ ಬಿಟ್ಟರು. ಅಲ್ಲಿ ಸೆಮಿಫೈನಲ್ ನ್ಯೂಜಿಲೆಂಡಿಗೆ 47-45ರಲ್ಲಿ ಹೋಯಿತು, ಮತ್ತೆ ಕಂಚು. ಅದೇ ತಿಂಗಳು ಅವಳಿ ಸಹೋದರ ಫಿಲ್ ಕೋಚ್ ಆಗಿದ್ದ ಇಂಗ್ಲೆಂಡ್ ಮಹಿಳಾ ಫುಟ್‌ಬಾಲ್ ತಂಡವೂ ತನ್ನ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸೋತಿತ್ತು. ಮಗು ಬೇಕು, ಸಂಸಾರಕ್ಕೆ ಸಮಯ ಬೇಕು ಎಂದು ಟ್ರೇಸಿ ಮುಚ್ಚುಮರೆಯಿಲ್ಲದೆ ಹೇಳಿಯೇ ಹೊರಟಿದ್ದು. ಮರುವರ್ಷ ಮಗ ಹುಟ್ಟಿದ. 2024ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಮ್ಯಾವರಿಕ್ಸ್ ನೆಟ್‌ಬಾಲ್ ತಂಡದ ಮೊದಲ ಸೀಸನ್‌ಗೆ ಮತ್ತೆ ಮುಖ್ಯ ಕೋಚ್ ಆಗಿ ಅಂಗಳದ ಬದಿಗೆ ಬಂದರು. ನಮ್ಮ ಕೋಚ್ ಇದನ್ನು ಹೇಳುವಾಗ ಪ್ರತಿ ಸಲವೂ ಅವರ ಮುಖ ಅರಳುತ್ತದೆ.

ಹೋದ ವಾರ ನನಗೆ ಮೊದಲ ಬಾರಿ ಜಿಎ (ಗೋಲ್ ಅಟ್ಯಾಕ್) ಅಂಗಿ ಕೊಟ್ಟರು, ಗೋಲು ಹಾಕಲು ಅನುಮತಿ ಇರುವ ಇಬ್ಬರಲ್ಲಿ ಒಬ್ಬಳು. ಕಂಬ 3.05 ಮೀಟರ್ ಎತ್ತರ, ಬ್ಯಾಸ್ಕೆಟ್‌ಬಾಲ್‌ನ ಹಾಗೆ ಹಿಂದೆ ಹಲಗೆ ಇಲ್ಲ. ಹನ್ನೊಂದು ಎಸೆದೆ, ನಾಲ್ಕು ಬಿತ್ತು. ಮುಂದಿನ ಗುರುವಾರ ಏಳು ಗಂಟೆಗೆ ಹೊಸಬರ ತಂಡ ಶುರುವಾಗುತ್ತದೆ. ಬರುವವರು ಹತ್ತು ನಿಮಿಷ ಮೊದಲೇ ಬನ್ನಿ, ಒಂದು ನೀರಿನ ಬಾಟಲಿ ತನ್ನಿ. ಕನ್ನಡದಲ್ಲಿ ಕರೆದರೆ ನಾನು ತಿರುಗಿ ನೋಡುತ್ತೇನೆ.